“ಚೀಟಿ ನಮಗೆ ಬಂತಾ?”: ಒಂದು ಒಪ್ಪಿಗೆ ಪತ್ರದ ಪ್ರಕರಣ

ಕ್ಯಾನ್ಸರ್ ಚಿಕಿತ್ಸೆಯ ಒಂದು ಅಧ್ಯಯನಕ್ಕೆ ಸೇರಲು ಒಬ್ಬ ತಾಯಿಯಿಂದ ಒಪ್ಪಿಗೆ ಪಡೆದ, ನಾನೇ ಭಾಗಿಯಾಗಿದ್ದ ಪ್ರಕರಣ ಇದು. ಇದರಲ್ಲಿ ಆದ ತಪ್ಪಿನಲ್ಲಿ ನನ್ನ ಪಾಲೂ ಇದೆ. ನನ್ನ ಹಾಗೆ ಆಸ್ಪತ್ರೆಗಳಲ್ಲಿ ಫೈಲು ಹಿಡಿದು ರೋಗಿಗಳ ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುವ ಕೆಲಸದಲ್ಲಿ ಇರುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ. ಆಸ್ಪತ್ರೆ, ಊರು, ವಯಸ್ಸು, ಮನೆಯವರ ವಿವರ ಎಲ್ಲವನ್ನೂ ಬದಲಾಯಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ಆ ತಾಯಿಗೆ ಸುಳ್ಳು ಹೆಸರು ಕೊಡಲೂ ಮನಸ್ಸು ಬರಲಿಲ್ಲ. ವಾರ್ಡಿನಲ್ಲಿ ಕರೆಯುತ್ತಿದ್ದ ಹಾಗೆ ಇಲ್ಲೂ ಅಮ್ಮ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಅಮ್ಮನಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು. ಸ್ವಲ್ಪ ಜಮೀನು, ಎರಡು ಹಸು, ಒಬ್ಬ ಮಗ, ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳು. ಓದು ಬರಹ ಬರುತ್ತಿರಲಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗಲು ಶುರುವಾಗಿತ್ತು. ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಇದು ಎಷ್ಟು ಮಾಮೂಲಿ ಎಂದರೆ ಒಪಿಡಿಯಲ್ಲಿ ಕೂತವರಿಗೆ ಆಶ್ಚರ್ಯವೂ ಆಗುವುದಿಲ್ಲ. ಸೊಂಟ ನೋವು ತಡೆಯಲಾಗದೆ ಮಗನಿಗೆ ಹೇಳಿದರು. ಅವನು ತಾಲ್ಲೂಕು ಆಸ್ಪತ್ರೆಗೆ ತೋರಿಸಿದ. ಅಲ್ಲಿಂದ ನಮ್ಮ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಬಯಾಪ್ಸಿಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಬಂತು. ಹಂತ 2ಬಿ. ಎಂದರೆ ಗಡ್ಡೆ ಗರ್ಭಕೋಶದ ಬಾಯಿ ದಾಟಿ ಪಕ್ಕದ ಅಂಗಾಂಶಕ್ಕೆ ಹಬ್ಬಿದೆ, ಆದರೆ ಸೊಂಟದ ಗೋಡೆ ಮುಟ್ಟಿಲ್ಲ. ಈ ಹಂತದಲ್ಲಿ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ರೇಡಿಯೇಷನ್ ಕೊಡುತ್ತಾರೆ, ಜೊತೆಗೆ ವಾರಕ್ಕೊಂದು ಸಲ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ. ಕೊನೆಗೆ ಒಳಗಿನಿಂದ ಕೊಡುವ ರೇಡಿಯೇಷನ್. ನಮ್ಮ ರೋಗಿಗಳು ರೇಡಿಯೇಷನ್‌ಗೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಹೊರಗಿನ ಕರೆಂಟ್ 25 ಸಲ, ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಐದು ವಾರ. ಇಡೀ ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ಗುಣವಾಗುವ ಸಾಧ್ಯತೆ ಕಡಿಮೆ.

ಆಗ ನಮ್ಮ ವಿಭಾಗದಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಹೊರಗಿನ ಕರೆಂಟನ್ನು 25 ಸಲ ಕೊಡುವ ಬದಲು ದಿನದ ಡೋಸ್ ಸ್ವಲ್ಪ ಹೆಚ್ಚಿಸಿ, 16 ಸಲದಲ್ಲಿ, ಸುಮಾರು ಮೂರು ವಾರದಲ್ಲಿ ಮುಗಿಸಬಹುದೇ? ಗಡ್ಡೆಯ ಮೇಲೆ ಅಷ್ಟೇ ಪರಿಣಾಮ ಆಗುತ್ತದೆಯೇ? ಕರುಳಿಗೆ, ಮೂತ್ರಕೋಶಕ್ಕೆ ಮುಂದೆ ಹೆಚ್ಚು ತೊಂದರೆ ಆಗುತ್ತದೆಯೇ? ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಧ್ಯಯನ ಮಾಡುವುದೇ ತಪ್ಪಾಗುತ್ತಿತ್ತು. ಯಾರಿಗೆ ಐದು ವಾರ, ಯಾರಿಗೆ ಮೂರು ವಾರ ಎಂಬುದನ್ನು ಡಾಕ್ಟರೂ ಅಲ್ಲ, ರೋಗಿಯೂ ಅಲ್ಲ, ಕಂಪ್ಯೂಟರ್ ನಿರ್ಧರಿಸುತ್ತಿತ್ತು.

ಅಧ್ಯಯನ ಒಳ್ಳೆಯದೇ. ಇದನ್ನು ಈಗಲೂ ಹೇಳುತ್ತೇನೆ. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಇದೇ ಕ್ಯಾನ್ಸರ್. ಮಷಿನ್ ಮುಂದೆ ಉದ್ದ ಸರತಿ ಇರುತ್ತದೆ. ಐದು ವಾರ ಊರು ಬಿಟ್ಟಿರಲಾಗದೆ ಅರ್ಧಕ್ಕೇ ಹೋಗಿಬಿಡುವವರನ್ನು ನಾನೇ ನೋಡಿದ್ದೇನೆ. ಮೂರು ವಾರದಲ್ಲಿ ಆಗುವುದಾದರೆ ಸಾವಿರಾರು ಮನೆಗಳಿಗೆ ಅನುಕೂಲ. ಕೇಳಿದ ಪ್ರಶ್ನೆ ಸರಿಯಾಗಿತ್ತು. ನಾವು ಎಡವಿದ್ದು ಒಪ್ಪಿಗೆ ಪಡೆಯುವುದರಲ್ಲಿ.

ಮಂಗಳವಾರದ 20 ನಿಮಿಷ

ಬಯಾಪ್ಸಿ ರಿಪೋರ್ಟ್ ಬಂದ ದಿನ ಮಗ ಕಾರಿಡಾರಿನಲ್ಲೇ ಡಾಕ್ಟರನ್ನು ಹಿಡಿದ. “ಸಾರ್, ಅಮ್ಮನಿಗೆ ಕ್ಯಾನ್ಸರ್ ಅಂತ ಮಾತ್ರ ಹೇಳಬೇಡಿ. ಗಡ್ಡೆ ಅಂತ ಹೇಳಿ. ಕೈಮುಗೀತೀನಿ.” ಡಾಕ್ಟರು ಒಳ್ಳೆಯವರು, ಅವತ್ತು ಒಪಿಡಿಯಲ್ಲಿ ನೂರಕ್ಕೂ ಹೆಚ್ಚು ಜನ. “ಸದ್ಯಕ್ಕೆ ಬೇಡ, ಆಮೇಲೆ ನೋಡೋಣ” ಎಂದರು. ಅಧ್ಯಯನದ ಮುಖ್ಯಸ್ಥರೂ ಅವರೇ. ರೋಗಿಗೆ ಚಿಕಿತ್ಸೆ ಕೊಡುವವರೇ ಆ ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವವರೂ ಆಗಿದ್ದರು. ಇದು ಅಪರಾಧವಲ್ಲ, ನಮ್ಮಲ್ಲಿ ಬಹಳ ಕಡೆ ಹೀಗೇ ಇದೆ. ಆದರೆ “ಡಾಕ್ಟರು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?” ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಮೂರು ವಾರ ಎಂಬುದನ್ನು ಕೇಳಿದ ಕೂಡಲೇ ಮಗನ ಮುಖ ಅರಳಿತು. ಕಬ್ಬು ಕಟಾವಿನ ಸಮಯ. “ನಮಗೆ ಮೂರು ವಾರದ್ದೇ ಕೊಡಿ, ಎಲ್ಲಿ ಸಹಿ ಹಾಕಬೇಕು ಹೇಳಿ” ಎಂದ.

ನಮ್ಮ ಮಾಹಿತಿ ಪತ್ರ ಒಂಬತ್ತು ಪುಟ ಇತ್ತು. ಕನ್ನಡದಲ್ಲೇ ಇತ್ತು. ಆದರೆ ಎಂಥ ಕನ್ನಡ! ‘ಯಾದೃಚ್ಛಿಕ ಹಂಚಿಕೆ’, ‘ಪ್ರತಿಕೂಲ ಘಟನೆ’, ‘ಅಧ್ಯಯನದ ವಿಷಯವಾಗಿರುವ ನೀವು’. ಇಂಗ್ಲಿಷ್ ಪತ್ರವನ್ನು ಪದಕ್ಕೆ ಪದ ಇಟ್ಟು ತಿರುಗಿಸಿದ್ದರು. ಅದು ಸರಿಯಾಗಿದೆ ಎಂದು ಸರ್ಟಿಫಿಕೇಟ್ ಕೂಡ ಇತ್ತು. ಎಂಎ ಓದಿದ ನನಗೇ ಎರಡೆರಡು ಸಲ ಓದಬೇಕಾಗುತ್ತಿತ್ತು. ಹಾಗಾಗಿ ನಾನು ಓದುತ್ತಿರಲಿಲ್ಲ, ಬಾಯಿಮಾತಿನಲ್ಲಿ ಹೇಳುತ್ತಿದ್ದೆ. ಅವತ್ತು ಹೇಳುವಾಗ ಪತ್ರದಲ್ಲಿ ‘ಕ್ಯಾನ್ಸರ್’ ಎಂದಿದ್ದ ಕಡೆಯೆಲ್ಲ ‘ಗಡ್ಡೆ’ ಎಂದೆ. ಕಂಪ್ಯೂಟರ್ ನಿರ್ಧರಿಸುವುದನ್ನು ‘ಚೀಟಿ ಎತ್ತಿದ ಹಾಗೆ’ ಎಂದೆ. ಅಡ್ಡ ಪರಿಣಾಮಗಳ ಪುಟ ಬಂದಾಗ ಮಗ “ಅದೆಲ್ಲ ಬಿಡಿ ಮೇಡಂ, ಅಮ್ಮ ಹೆದರ್ತಾಳೆ” ಎಂದ. ಬಿಟ್ಟೆ.

ಅಮ್ಮ ತಲೆ ಆಡಿಸಿದರು. ಎಡಗೈ ಹೆಬ್ಬೆಟ್ಟಿಗೆ ನಾನೇ ಇಂಕ್ ಹಚ್ಚಿದೆ. ಬೆರಳಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ಗುರುತು ಮೂಡಲಿಲ್ಲ, ಎರಡನೇ ಸಲ ಒತ್ತಿಸಿದೆ. ಮಗ ಕೆಳಗೆ ಸಹಿ ಹಾಕಿದ. ಓದಲು ಬಾರದವರು ಒಪ್ಪಿಗೆ ಕೊಡುವಾಗ ಅಧ್ಯಯನಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಶುರುವಿನಿಂದ ಕೊನೆಯ ತನಕ ಅಲ್ಲೇ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಎರಡೂ ಇದನ್ನು ಹೇಳುತ್ತವೆ. ನಮ್ಮ ಸಾಕ್ಷಿ ಪಕ್ಕದ ಬೆಂಚಿನಲ್ಲಿ ಬೇರೆ ರೋಗಿಯ ಜೊತೆ ಬಂದಿದ್ದ ಒಬ್ಬ ಮೇಷ್ಟ್ರು. ಕೊನೆಗೆ ಕರೆದೆ. ಬಂದರು, ಸಹಿ ಹಾಕಿದರು, ಹೋದರು.

ಒಟ್ಟು 20 ನಿಮಿಷ.

ಸಂಜೆ ಲಾಗ್ ಶೀಟ್ ತುಂಬುವಾಗ ಒಂದು ಕಾಲಂ ಹತ್ತಿರ ಪೆನ್ನು ನಿಂತಿತು: ‘ಸಾಕ್ಷಿ ಹಾಜರಿದ್ದ ಸಮಯ’. ಮೊದಲೆಲ್ಲ ಯೋಚಿಸದೆ ತುಂಬಿದ್ದೇನೆ. ಅವತ್ತು ಏಕೋ ಆಗಲಿಲ್ಲ. ಖಾಲಿ ಬಿಟ್ಟು ಮನೆಗೆ ಹೋದೆ.

ಮರುದಿನ ಬೆಳಗ್ಗೆ ರಕ್ತ ಪರೀಕ್ಷೆಯ ಸಾಲಿನಲ್ಲಿ ಅಮ್ಮ ಸಿಕ್ಕರು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: “ಮೇಡಂ, ಚೀಟಿ ನಮಗೆ ಬಂತಾ?”

ಹಳ್ಳಿ ಹೆಂಗಸರಿಗೆ ಚೀಟಿ ಎಂದರೆ ಏನು? ತಿಂಗಳು ತಿಂಗಳು ದುಡ್ಡು ಕಟ್ಟಿ, ಹೆಸರು ಎತ್ತಿದಾಗ ಗಂಟು ಕೈಗೆ ಬರುವುದು. ಚೀಟಿ ಬಂದರೆ ಅದೃಷ್ಟ. ನನ್ನ ಹೋಲಿಕೆಯಿಂದ ಅಮ್ಮನಿಗೆ ಆದ ಅರ್ಥ ಇಷ್ಟು: ಎಲ್ಲೋ ಒಳ್ಳೆಯ ಔಷಧಿ ಇದೆ, ಅದು ಎಲ್ಲರಿಗೂ ಸಿಗುವುದಿಲ್ಲ, ನಮ್ಮ ಹೆಸರು ಬಂದರೆ ನಮಗೆ. ಒಪ್ಪದೆ ಹೋದರೆ ಚಿಕಿತ್ಸೆಯೇ ಇಲ್ಲ ಎಂದೂ ಅವರು ತಿಳಿದಿದ್ದರು. ಯಾವ ಕಾಯಿಲೆಗೆ, ಏನು ಅಪಾಯ, ಬೇಡ ಅನ್ನಬಹುದು ಎಂಬುದು ಯಾವುದೂ ಅವರ ತಲೆಗೆ ಹೋಗಿರಲಿಲ್ಲ. ಹೋಗುವ ಹಾಗೆ ನಾನು ಹೇಳಿಯೇ ಇರಲಿಲ್ಲ.

ಸಮಸ್ಯೆ ಎಲ್ಲಿತ್ತು

ನಾನು ಆ ಕೂಡಲೇ ಡಾಕ್ಟರ ಹತ್ತಿರ ಹೋಗಿ ಈ ಒಪ್ಪಿಗೆ ನಡೆಯುವುದಿಲ್ಲ ಎಂದೆ. ಅವರಿಗೆ ಇಷ್ಟವಾಗಲಿಲ್ಲ. ನಮಗೆ 40 ಜನ ಬೇಕಿತ್ತು, ಸೇರಿದ್ದವರು 11. “ಅಮ್ಮ ಹೆಬ್ಬೆಟ್ಟು ಒತ್ತಿದ್ದಾರೆ, ಮಗ ಸಹಿ ಹಾಕಿದ್ದಾನೆ. ಇನ್ನೇನು? ಎಲ್ಲ ಕಡೆ ಹೀಗೇ ಅಲ್ವಾ?” ಎಂದರು. ಜೂನಿಯರ್ ಡಾಕ್ಟರೊಬ್ಬರು ಮಗನನ್ನು ಕಾನೂನುಬದ್ಧ ಪ್ರತಿನಿಧಿ ಎಂದು ತೋರಿಸಿದರೆ ಸಾಕು ಎಂದರು. ಅದು ಆಗುವ ಮಾತಲ್ಲ. ಪ್ರತಿನಿಧಿ ಬೇಕಾಗುವುದು ರೋಗಿಗೆ ಪ್ರಜ್ಞೆ ಇಲ್ಲದಿದ್ದಾಗ, ಅಥವಾ ಯೋಚಿಸಿ ನಿರ್ಧರಿಸುವ ಶಕ್ತಿ ಇಲ್ಲದಿದ್ದಾಗ. ಓದಲು ಬಾರದು ಎಂದರೆ ಯೋಚಿಸಲು ಬಾರದು ಎಂದಲ್ಲ. ಗಂಡ ಸತ್ತ ಮೇಲೆ ಜಮೀನು, ಹಸು, ಮಗಳ ಮದುವೆ ಎಲ್ಲ ನಿಭಾಯಿಸಿದ ಹೆಂಗಸು ಅವರು.

ಇಲ್ಲಿ ಎರಡು ಗಂಟುಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಕಾಯಿಲೆಯ ಹೆಸರು ಹೇಳದೆ ಅಧ್ಯಯನಕ್ಕೆ ಒಪ್ಪಿಗೆ ಪಡೆಯಲು ಸಾಧ್ಯವಿಲ್ಲ. ಹೆಸರು ಹೇಳಿದರೆ ಮಗನಿಗೆ ಕೊಟ್ಟ ಮಾತು ತಪ್ಪುತ್ತದೆ.

ಬರಿಯ ಚಿಕಿತ್ಸೆಯ ವಿಷಯವಾಗಿದ್ದರೆ ನಮ್ಮ ನಿಯಮಗಳು ಮನೆಯವರಿಗೆ ಸ್ವಲ್ಪ ಜಾಗ ಬಿಡುತ್ತವೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಗಳಲ್ಲಿ, ಡಾಕ್ಟರು ಕಾಯಿಲೆಯ ಗಂಭೀರತೆಯನ್ನು ಹೆಚ್ಚಿಸಿಯೂ ಹೇಳಬಾರದು, ಕಡಿಮೆ ಮಾಡಿಯೂ ಹೇಳಬಾರದು ಎಂದಿದೆ. ಜೊತೆಗೆ ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುಳ್ಳ ಸ್ನೇಹಿತರಿಗೆ ವಿಷಯ ಗೊತ್ತಿರಬೇಕು ಎಂದಿದೆ. ಆ ‘ಅಥವಾ’ದೊಳಗೆ ನುಸುಳಿಕೊಂಡೇ ನಮ್ಮ ಎಷ್ಟೋ ಆಸ್ಪತ್ರೆಗಳು ಮನೆಯವರಿಗಷ್ಟೇ ಹೇಳಿ ಕೈ ತೊಳೆದುಕೊಳ್ಳುತ್ತವೆ. ಆದರೆ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಒಪ್ಪಿಗೆ ನಿಜವಾದದ್ದಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು. ಆ ಪ್ರಕರಣದಲ್ಲಿ ಅರಿವಳಿಕೆಯಲ್ಲಿದ್ದ ಮಗಳ ಗರ್ಭಕೋಶ ತೆಗೆಯಲು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದಿದ್ದರು. ಅದು ಸಾಲದು ಎಂದಿತು ಕೋರ್ಟ್. ತಾಯಿಯ ಪ್ರೀತಿಯನ್ನು ಯಾರೂ ಅನುಮಾನಿಸಲಿಲ್ಲ. ಆದರೆ ದೇಹ ಮಗಳದ್ದು.

ಸಂಶೋಧನೆಯಲ್ಲಂತೂ ಸಡಿಲಿಕೆಗೆ ಜಾಗ ಇನ್ನೂ ಕಡಿಮೆ. ಮನೆಯವರ ಜೊತೆ ಮಾತಾಡಬಹುದು, ಅವರನ್ನು ಜೊತೆಗೆ ಕೂರಿಸಿಕೊಳ್ಳಬಹುದು. ಅವರ ಒಪ್ಪಿಗೆ ರೋಗಿಯ ಒಪ್ಪಿಗೆಯ ಬದಲಿಗೆ ಬರುವುದಿಲ್ಲ. ಇದೇ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ 2009ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ, ಗುಜರಾತಿನ ವಡೋದರದಲ್ಲಿ ನಡೆದಾಗ ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು. 2010ರಲ್ಲಿ ಯೋಜನೆ ನಿಂತಿತು. ಆ ಸಮಯದಲ್ಲಿ ಆದ ಸಾವುಗಳಿಗೆ ಲಸಿಕೆ ಕಾರಣ ಎಂದು ತನಿಖೆಯಲ್ಲಿ ಸಾಬೀತಾಗಲಿಲ್ಲ. ಲಸಿಕೆ ಒಳ್ಳೆಯದೇ. ಆದರೂ ಒಪ್ಪಿಗೆಯ ವಿಷಯದಲ್ಲಿ ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಬರೆಯಿತು. ತರಬೇತಿಯಲ್ಲಿ ನಾನು ಇದನ್ನು ಓದಿದ್ದೆ, ಓದಿ ಸಿಟ್ಟಾಗಿದ್ದೆ. ನಮ್ಮ ಕಾರಿಡಾರಿನಲ್ಲಿ ನಾನೇ ಮಗನ ಕೈಗೆ ಪೆನ್ನು ಕೊಟ್ಟಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಡಾಕ್ಟರು ಕೊನೆಗೆ ಒಂದು ಮಾತು ಒಪ್ಪಿದರು. ಕರೆಂಟ್ ಶುರು ಮಾಡುವ ಮೊದಲು ಸಿಟಿ ಸ್ಕ್ಯಾನ್ ಮಾಡಿ ಪ್ಲಾನ್ ಹಾಕಲು ಹೇಗೂ ಕೆಲವು ದಿನ ಬೇಕು. ಅಷ್ಟರೊಳಗೆ ಸರಿಮಾಡು, ಚಿಕಿತ್ಸೆ ಒಂದು ದಿನವೂ ತಡವಾಗಬಾರದು ಎಂದರು. ಈ ಷರತ್ತು ಬಹಳ ಮುಖ್ಯ. ನಮ್ಮ ತಪ್ಪು ಸರಿಪಡಿಸುವ ಖರ್ಚು ಅಮ್ಮನ ಮೇಲೆ ಬೀಳಬಾರದಿತ್ತು.

ಮೊದಲ ಪ್ರಯತ್ನ ಕೆಟ್ಟಿತು

ಅವತ್ತೇ ಮಗನನ್ನು ಕ್ಯಾಂಟೀನ್ ಹತ್ತಿರ ನಿಲ್ಲಿಸಿಕೊಂಡು ಮಾತಾಡಿದೆ. ರೋಗಿಯ ಹಕ್ಕು, ನಿಯಮ, ಕಾನೂನು ಎಲ್ಲ ಹೇಳಿದೆ. ಐದು ನಿಮಿಷದಲ್ಲಿ ಅವನ ಮುಖ ಕೆಂಪಾಯಿತು. “ನಿಮಗೆ ನಿಮ್ಮ ಪೇಪರ್ ಮುಖ್ಯ. ನಮ್ಮಮ್ಮ ಸತ್ತರೆ ನಿಮಗೇನು? ಹೇಳಿದ್ರೆ ನಾಳೆನೇ ಕರ್ಕೊಂಡು ಹೋಗ್ತೀನಿ, ನಮ್ಮೂರಲ್ಲಿ ನಾಟಿ ಔಷಧಿ ಕೊಡೋರಿದ್ದಾರೆ” ಎಂದ.

ಅವನು ನಿಜವಾಗಿಯೂ ಕರೆದುಕೊಂಡು ಹೋಗಿದ್ದರೆ? ಗುಣವಾಗುವ ಹಂತದಲ್ಲಿದ್ದ ಕಾಯಿಲೆ ನನ್ನ ಭಾಷಣದಿಂದಾಗಿ ಕೈಮೀರಿ ಹೋಗುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅವನು ಏಕೆ ಬೇಡ ಅನ್ನುತ್ತಾನೆ ಎಂದು ನಾನು ಕೇಳಿರಲೇ ಇಲ್ಲ.

ಅದನ್ನು ಕೇಳಿದ್ದು ನಮ್ಮ ಡೇ ಕೇರ್ ವಾರ್ಡಿನ ಹಿರಿಯ ಸಿಸ್ಟರ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ವಾರ್ಡಿನಲ್ಲಿದ್ದವರು. ಮರುದಿನ ಮಗನಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, “ಹೇಳಪ್ಪ, ನಿನಗೆ ಏನು ಭಯ?” ಎಂದರು. ಅಷ್ಟೇ ಪ್ರಶ್ನೆ. ಅವನು ಸುಮ್ಮನೆ ಕೂತಿದ್ದು, ಆಮೇಲೆ ಅಳಲು ಶುರು ಮಾಡಿದ. ಅವನ ದೊಡ್ಡಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತಂತೆ. ಡಾಕ್ಟರು ಒಪಿಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟರಂತೆ. ಮನೆಗೆ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿ ಊಟ ಬಿಟ್ಟರಂತೆ. ಆಗ ಇವನಿಗೆ ಹದಿನಾಲ್ಕು ವರ್ಷ. ಅನ್ನದ ತಟ್ಟೆ ತೆಗೆದುಕೊಂಡು ಹೋಗಿ ವಾಪಸ್ ತರುತ್ತಿದ್ದವನು ಇವನೇ.

ಸಿಸ್ಟರ್ ಅವನಿಗೆ ಮೂರು ಮಾತು ಹೇಳಿದರು. ಕ್ಯಾನ್ಸರ್ ಎಂದು ನಾವಾಗಿ ಅಮ್ಮನ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. ಅವರೇ ಕೇಳಿದರೆ ಸುಳ್ಳು ಹೇಳುವುದಿಲ್ಲ. ಎಷ್ಟು ತಿಳಿಯಬೇಕು, ಯಾರಿಂದ ತಿಳಿಯಬೇಕು ಎಂದು ಅವರನ್ನೇ ಕೇಳುತ್ತೇವೆ; ಬೇಡ ಅಂದರೆ ಅಲ್ಲಿಗೇ ನಿಲ್ಲಿಸುತ್ತೇವೆ, ಅಧ್ಯಯನದ ಮಾತನ್ನೂ ಬಿಡುತ್ತೇವೆ. ದೊಡ್ಡಪ್ಪನಿಗೆ ಹೇಳಿದ್ದು ತಪ್ಪಲ್ಲ, ಹೇಳಿದ ರೀತಿ ತಪ್ಪು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹುಡುಗನಿಗೆ ತಾನಾಗಿಯೇ ಅರ್ಥವಾಯಿತು.

ಬಾಗಿಲು ಹಾಕಿದ ಕೋಣೆ

ಡೇ ಕೇರ್ ಹಿಂದೆ ಲಿನನ್ ಇಡುವ ಸಣ್ಣ ಕೋಣೆ ಇತ್ತು. ಖಾಸಗಿಯಾಗಿ ಮಾತಾಡಲು ನಮ್ಮಲ್ಲಿ ಇದ್ದದ್ದು ಅದೊಂದೇ ಜಾಗ. ಮಡಚಿದ ಬೆಡ್‌ಶೀಟ್‌ಗಳ ನಡುವೆ ಮೂರು ಸ್ಟೂಲ್ ಹಾಕಿ ಕೂತೆವು. ಅಮ್ಮ, ಸಿಸ್ಟರ್, ನಾನು. ಸಿಸ್ಟರ್ ಕೇಳಿದರು: “ಅಮ್ಮ, ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸುತ್ತೆ?”

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. “ಕರೆಂಟ್ ಕೊಡೋದು ಯಾವ ಕಾಯಿಲೆಗೆ ಅಂತ ನಂಗೊತ್ತಿಲ್ವಾ? ಧರ್ಮಶಾಲೆಯಲ್ಲಿ ಪಕ್ಕದಲ್ಲಿ ಮಲಗೋಳು ಮೊದಲ ದಿನವೇ ಹೇಳಿದ್ಲು. ನನಗೂ ಅದೇ, ನಿನಗೂ ಅದೇ ಅಂತ.” ಸ್ವಲ್ಪ ಹೊತ್ತು ಬಿಟ್ಟು ನಮ್ಮಿಬ್ಬರ ಮುಖ ನೋಡಿ, “ನನ್ನ ಮಗನಿಗೆ ಮಾತ್ರ ಹೇಳ್ಬೇಡಿ. ಹುಡುಗ ಹೆದರ್ತಾನೆ” ಎಂದರು.

ತಾಯಿ ಮಗ ಒಂದೇ ಧರ್ಮಶಾಲೆಯಲ್ಲಿದ್ದರು. ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಾಗಬಾರದು ಎಂದು ಇಬ್ಬರೂ ಹಗಲೆಲ್ಲ ನಗುನಗುತ್ತಾ ಇದ್ದು ರಾತ್ರಿ ಬೇರೆ ಬೇರೆ ಅಳುತ್ತಿದ್ದರು. ರೋಗಿಗೆ ಹೇಳಬೇಡಿ ಎಂಬ ಮಾತಿಗೆ ಒಪ್ಪುವಾಗ ನಾವು ಏನನ್ನು ಉಳಿಸುತ್ತಿದ್ದೇವೆ ಎಂದು ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಗುಟ್ಟು ಉಳಿದಿರಲಿಲ್ಲ. ಉಳಿದಿದ್ದದ್ದು ಇಬ್ಬರ ಒಂಟಿತನ ಮಾತ್ರ.

ಈಗ ನಮ್ಮ ಕೈಯಲ್ಲಿ ಇಬ್ಬರ ಗುಟ್ಟೂ ಇತ್ತು. ಅಮ್ಮನ ಮಾತನ್ನು ಅವರ ಅನುಮತಿ ಇಲ್ಲದೆ ಮಗನಿಗೆ ಹೇಳುವ ಹಾಗಿಲ್ಲ. ಮಗನಿಗೆ ಮೊದಲೇ ಗೊತ್ತು ಎಂಬುದನ್ನೂ ಅಮ್ಮನಿಗೆ ಹೇಳಲಿಲ್ಲ. ಸಿಸ್ಟರ್ ಇಷ್ಟೇ ಅಂದರು: “ನಾವು ಹೇಳಲ್ಲ. ಆದರೆ ನೀವೇ ಒಂದು ಸಲ ಮಾತಾಡಿ ನೋಡಿ. ಅವನು ನೀವು ತಿಳ್ಕೊಂಡಷ್ಟು ಚಿಕ್ಕವನಲ್ಲ.” ಅವತ್ತು ರಾತ್ರಿ ಊಟ ಮಾಡುವಾಗ ಅಮ್ಮನೇ ಬಾಯಿಬಿಟ್ಟರಂತೆ. ಏನು ಮಾತಾಡಿಕೊಂಡರೋ ನಾವು ಕೇಳಲಿಲ್ಲ. ಬೆಳಗ್ಗೆ ಇಬ್ಬರ ಕಣ್ಣೂ ಊದಿಕೊಂಡಿದ್ದವು. ಮಗ ನನ್ನನ್ನು ನೋಡಿ ತಲೆ ಬಗ್ಗಿಸಿದ.

ಎರಡನೇ ಸಲ

ಹಳೆಯ ಒಪ್ಪಿಗೆ ಪತ್ರದ ಮೇಲೆ ಗೆರೆ ಎಳೆದು, ಕಾರಣ ಬರೆದು, ತಾರೀಖು ಹಾಕಿ ಫೈಲಿನಲ್ಲೇ ಇಟ್ಟೆ. ಹರಿದು ಹಾಕಿದ್ದರೆ ತಪ್ಪನ್ನು ಮುಚ್ಚಿದ ಹಾಗಾಗುತ್ತಿತ್ತು. ಬೇರೆ ವಿಭಾಗದಲ್ಲಿ ಸ್ವಯಂಸೇವೆ ಮಾಡುತ್ತಿದ್ದ ಒಬ್ಬರನ್ನು ಸಾಕ್ಷಿಯಾಗಿ ಮೊದಲಿನಿಂದಲೇ ಕೂರಿಸಿದೆ. ಮುಖ್ಯ ಡಾಕ್ಟರು ಬರಲಿಲ್ಲ, ಬೇಕೆಂದೇ. ಅಮ್ಮ ಹೇಳಿದ್ದರಿಂದ ಮಗನೂ ಕೂತ.

ಈ ಸಲ ಚೀಟಿ ಬಿಟ್ಟೆ. ಒಂದೇ ಊರಿಗೆ ಎರಡು ದಾರಿ ಇದೆ ಎಂದೆ. ಒಂದು ಹಳೆಯ ದಾರಿ, ಉದ್ದ, ಎಲ್ಲಿ ಗುಂಡಿ ಇದೆ ಎಂದು ಗೊತ್ತು. ಇನ್ನೊಂದು ಹತ್ತಿರದ ದಾರಿ. ಅದೂ ಊರು ಮುಟ್ಟಿಸುತ್ತದೆ ಎಂದು ಡಾಕ್ಟರಿಗೆ ಅನ್ನಿಸಿದೆ, ಆದರೆ ಅಲ್ಲಿ ಗುಂಡಿ ಎಷ್ಟಿವೆ ಎಂದು ಇನ್ನೂ ಪೂರ್ತಿ ಗೊತ್ತಿಲ್ಲ. ಅದನ್ನು ತಿಳಿಯಲು ಕೆಲವರನ್ನು ಈ ದಾರಿಯಲ್ಲಿ, ಕೆಲವರನ್ನು ಆ ದಾರಿಯಲ್ಲಿ ಕಳಿಸುತ್ತಾರೆ. ಯಾರು ಯಾವ ದಾರಿ ಎಂದು ಆರಿಸಿಕೊಳ್ಳುವ ಹಾಗಿಲ್ಲ. ಕರುಳಿನ ತೊಂದರೆ, ಮೂತ್ರಕೋಶದ ತೊಂದರೆ ಹೇಳಿದೆ. ಅದು ವರ್ಷ ಬಿಟ್ಟೂ ಬರಬಹುದು ಎಂದೆ. ಬೇಡ ಅಂದರೆ ಹಳೆಯ ದಾರಿಯ ಚಿಕಿತ್ಸೆ ಹಾಗೇ ಸಿಗುತ್ತದೆ, ಬಿಪಿಎಲ್ ಕಾರ್ಡ್ ಇರುವುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅದಕ್ಕೆ ದುಡ್ಡು ಕಟ್ಟಬೇಕಾಗಿಲ್ಲ ಎಂದೆ. ಈ ಮಾತಿಗೆ ಅಮ್ಮ ತಟ್ಟನೆ ತಲೆ ಎತ್ತಿದರು. “ಬೇಡ ಅಂದ್ರೂ ಕೊಡ್ತೀರಾ?” ಮೊದಲ ದಿನ ಇದೊಂದು ಮಾತನ್ನು ಸರಿಯಾಗಿ ಹೇಳಿದ್ದರೂ ಅರ್ಧ ತಪ್ಪು ತಪ್ಪುತ್ತಿತ್ತು.

ಆಮೇಲೆ ಕೇಳಿದೆ: “ನಿಮ್ಮ ಮಗಳು ಫೋನ್ ಮಾಡಿ ಆಸ್ಪತ್ರೆಯಲ್ಲಿ ಏನಂದ್ರು ಅಂತ ಕೇಳಿದರೆ ಏನು ಹೇಳ್ತೀರಿ?” ಅರ್ಥ ಆಯಿತಾ ಎಂದು ಕೇಳಿದರೆ ಯಾರೇ ಆದರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿದರೆ ತಮ್ಮ ಮಾತಿನಲ್ಲಿ ಹೇಳಬೇಕಾಗುತ್ತದೆ. ಅಮ್ಮ ಹೇಳಿದ್ದು ನನ್ನ ವಿವರಣೆಗಿಂತ ಚೆನ್ನಾಗಿತ್ತು. “ಮೂರು ವಾರದ್ದು ಒಳ್ಳೇದೋ ಕೆಟ್ಟದ್ದೋ ಅಂತ ಇವರಿಗೇ ಗೊತ್ತಿಲ್ವಂತೆ. ನಮ್ಮಿಂದ ನೋಡಿ ಕಲೀತಾರಂತೆ. ಮುಂದೆ ಬರೋ ಹೆಂಗಸರಿಗೆ ಉಪಯೋಗ ಆಗುತ್ತಂತೆ.”

ಯೋಚಿಸಲು ಒಂದು ದಿನ ಕೊಟ್ಟೆವು. ಮರುದಿನ ಅಮ್ಮ ಬೇಡ ಅಂದರು.

ಮಗ ಮೂರು ವಾರದ ಆಸೆ ಇನ್ನೂ ಬಿಟ್ಟಿರಲಿಲ್ಲ. ಅವನ ಕಡೆ ತಿರುಗಿ ಅಮ್ಮ ಅಂದದ್ದು ಇದು: “ಐದು ವಾರ ಇಲ್ಲಿರೋದು ನಿನಗೆ ಕಷ್ಟ ಕಣೋ, ನನಗಲ್ಲ. ನೀನು ಊರಿಗೆ ಹೋಗಿ ಕಬ್ಬು ನೋಡ್ಕೋ. ನನಗೆ ಗೊತ್ತಿರೋ ದಾರಿ ಸಾಕು.” ಬೇಗ ಮುಗಿಯಲಿ ಎಂಬುದು ಅಮ್ಮನ ಆಸೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವರನ್ನು ಯಾರೂ ಕೇಳಿರಲಿಲ್ಲ.

ಮಗ ಊರಿಗೆ ಹೋದ. ಶನಿವಾರ ಬರುತ್ತಿದ್ದ. ನಡುವೆ ಮಗಳು ಶಕ್ತಿ ಯೋಜನೆಯ ಬಸ್ಸಿನಲ್ಲಿ ಬಂದು ಇದ್ದು ಹೋಗುತ್ತಿದ್ದಳು. ಅಮ್ಮ 25 ಸಲದ ಕರೆಂಟನ್ನೂ ಒಂದು ದಿನ ತಪ್ಪಿಸದೆ ಮುಗಿಸಿದರು. ದಿನಾ ಮಷಿನ್‌ಗೆ ಹೋಗುವ ಮೊದಲು ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಕು, ಮೂತ್ರಕೋಶ ತುಂಬಿದ್ದರೆ ಕರುಳು ಸ್ವಲ್ಪ ದೂರ ಸರಿಯುತ್ತದೆ. ಕಾರಣ ತಿಳಿದ ಮೇಲೆ ಅಮ್ಮ ಹೊಸಬರಿಗೂ ಅದನ್ನು ಹೇಳಿಕೊಡುತ್ತಿದ್ದರು. ಮೂರನೇ ವಾರ ಭೇದಿಯಾಗಿ ಸುಸ್ತಾದರು. ಇದು ಬರುತ್ತೆ ಅಂತ ನೀವು ಹೇಳಿದ್ರಲ್ಲ ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಎಥಿಕ್ಸ್ ಕಮಿಟಿಯ ಮುಂದೆ

ನಿಯಮ ತಪ್ಪಿದ್ದನ್ನು ಎಥಿಕ್ಸ್ ಕಮಿಟಿಗೆ, ಎಂದರೆ ಅಧ್ಯಯನಗಳಲ್ಲಿ ರೋಗಿಗಳ ಹಿತ ಕಾಯುವ ಸಮಿತಿಗೆ, ಬರೆದು ಕೊಟ್ಟೆವು. ಡಾಕ್ಟರು ತಮ್ಮ ಹೆಸರಿನಲ್ಲೇ ಬರೆದರು, ನನ್ನ ಮೇಲೆ ಹಾಕಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಈಗಲೂ ಗೌರವ ಇದೆ. ಇಂಥ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅಧ್ಯಕ್ಷರು ಹೊರಗಿನವರಾಗಿರಬೇಕು, ಡಾಕ್ಟರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ಸಾಮಾನ್ಯ ಸದಸ್ಯರು ಸುಮ್ನೆ ಸಹಿಗೆ ಬರುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮ ಕಮಿಟಿಯ ಆ ಸದಸ್ಯೆ ವರದಿ ಓದಿ ಒಂದೇ ಪ್ರಶ್ನೆ ಕೇಳಿದರು: “ಇವರದ್ದು ಸಿಕ್ಕಿಬಿತ್ತು. ಮೊದಲಿನ 11 ಜನರದ್ದು?”

ಆ ಪ್ರಶ್ನೆಗೆ ನಾನು ಮನಸ್ಸಿನಲ್ಲೇ ಹೆದರಿಕೊಂಡು ಕೂತಿದ್ದೆ.

ಹನ್ನೊಂದು ಫೈಲು ತೆಗೆದೆವು. ನಾಲ್ವರದ್ದು ಹೆಬ್ಬೆಟ್ಟು. ಆ ನಾಲ್ಕರಲ್ಲೂ ಸಾಕ್ಷಿಯ ಸಹಿ ಇತ್ತು, ಕಾಗದದಲ್ಲಿ ಎಲ್ಲ ಸರಿ ಇತ್ತು. ಹೊಸ ಔಷಧಿಯ ಟ್ರಯಲ್‌ಗಳಲ್ಲಿ ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆಯನ್ನು ವಿಡಿಯೊ ಮಾಡಬೇಕೆಂಬ ನಿಯಮ ಇದೆ. ನಮ್ಮದು ಹೊಸ ಔಷಧಿ ಅಲ್ಲ, ವಿಡಿಯೊ ಇರಲಿಲ್ಲ. ಹಾಗಾಗಿ ನಮ್ಮ ನೆನಪೇ ಆಧಾರ. ನಾಲ್ವರಲ್ಲಿ ಮೂವರ ಸಾಕ್ಷಿ ಕೊನೆಗೆ ಬಂದವರು ಎಂದು ನಾನು ಕಮಿಟಿಗೆ ಹೇಳಿದೆ.

ಅಧ್ಯಯನಕ್ಕೆ ಹೊಸಬರನ್ನು ಸೇರಿಸುವುದನ್ನು ಕಮಿಟಿ ನಿಲ್ಲಿಸಿತು. ಮಾಹಿತಿ ಪತ್ರ ಮತ್ತೆ ಬರೆದೆವು, ಈ ಸಲ ಅನುವಾದ ಮಾಡಲಿಲ್ಲ. ಸಿಸ್ಟರ್, ನಾನು, ಚಿಕಿತ್ಸೆ ಮುಗಿಸಿದ್ದ ಇಬ್ಬರು ಹೆಂಗಸರು ಕೂತು ಕನ್ನಡದಲ್ಲೇ ಬರೆದೆವು. ಒಂಬತ್ತು ಪುಟ ನಾಲ್ಕಾಯಿತು. ಒಪ್ಪಿಗೆ ಪಡೆಯುವ ಕೆಲಸ ಚಿಕಿತ್ಸೆ ಕೊಡುವ ಡಾಕ್ಟರ ಕೈಯಿಂದ ತಪ್ಪಿತು. ಮೊದಲ ಪ್ರಶ್ನೆ ಈಗ ಮನೆಯವರಿಗಲ್ಲ, ರೋಗಿಗೆ: ನಿಮ್ಮ ಕಾಯಿಲೆ ಬಗ್ಗೆ ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು? ‘ಏನೂ ಹೇಳಬೇಡಿ, ಎಲ್ಲ ನನ್ನ ಮಗಳಿಗೆ ಹೇಳಿ’ ಅಂದವರೂ ಇದ್ದಾರೆ. ಅದನ್ನೂ ಹಾಗೇ ಬರೆದುಕೊಂಡು ಪಾಲಿಸುತ್ತೇವೆ, ಅಧ್ಯಯನದ ಮಾತು ಎತ್ತುವುದಿಲ್ಲ. ಇದರಿಂದ ಜನ ಸೇರುವುದು ನಿಧಾನವಾಯಿತು. 40 ಆಗಲು ನಾವು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಸಮಯ ಹಿಡಿಯಿತು.

ಆ ನಾಲ್ವರನ್ನು ಮತ್ತೆ ಕರೆಸಿ ಮೊದಲಿಂದ ವಿವರಿಸಿದೆವು. ಮೂವರು ಮುಂದುವರಿಯುತ್ತೇವೆ ಅಂದರು. ನಾಲ್ಕನೆಯವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನನ್ನೇ ನೋಡುತ್ತಾ, “ಇದನ್ನ ಆವತ್ತೇ ಹೇಳಿದ್ರೆ ನಾನು ಸೇರ್ತಿರ್ಲಿಲ್ಲ” ಅಂದರು. ಅವರಿಗೆ ಮೂರು ವಾರದ ಕರೆಂಟು ಕೊಟ್ಟು ನಾಲ್ಕು ತಿಂಗಳಾಗಿತ್ತು. ಅಧ್ಯಯನದಿಂದ ಹೆಸರು ತೆಗೆಯಬಹುದಿತ್ತು, ತೆಗೆದೆವು. ಕೊಟ್ಟ ಡೋಸನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಈಗಲೂ ಅವರು ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಬರುತ್ತಾರೆ. ಬರುವ ಹಿಂದಿನ ದಿನ ನಾನು ಫೋನ್ ಮಾಡುತ್ತೇನೆ. ಮೂತ್ರದಲ್ಲಿ ರಕ್ತ ಹೋಗುತ್ತಾ, ಹೊಟ್ಟೆ ಹೇಗಿದೆ ಎಂದು ಕೇಳುತ್ತೇನೆ. ಉತ್ತರ ಬರೆದುಕೊಳ್ಳಲು ಯಾವ ಫಾರಂ ಕೂಡ ಇಲ್ಲ. ಇಲ್ಲಿಯತನಕ “ಏನಿಲ್ಲ ಮೇಡಂ” ಅಂದಿದ್ದಾರೆ.